ಸೋದರಮಾವನೂ ಒಂದು ಮೂಟೆ ರಾಗಿಯೂ

ನಮ್ಮ ಸೀಮೆಯಲ್ಲಿ ಸೋದರಮಾವನಾಗಿ ಹುಟ್ಟುವುದಕ್ಕಿಂತ ಎತ್ತಾಗಿ ಹುಟ್ಟುವುದು ವಾಸಿ. ಎತ್ತಿಗೆ ಸಂಕ್ರಾಂತಿಯ ದಿನವಾದರೂ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಬಾಯಿಗೊಂದು ಬಾಳೆಹಣ್ಣು ಕೊಟ್ಟು, ಅದು ಮಾಡಿದ ಚಾಕರಿಯನ್ನು ನೆನೆಯುತ್ತಾರೆ. ಸೋದರಮಾವನಿಗೆ ಆ ಭಾಗ್ಯವೂ ಇಲ್ಲ. ಅಕ್ಕನಿಗೆ ಹೆಣ್ಣು ಮಗುವಾಯಿತು ಎಂಬ ಸುದ್ದಿ ಬಂದ ಗಳಿಗೆಯಲ್ಲೇ ಅವನ ಕೊರಳಿಗೆ ನೊಗ ಬೀಳುತ್ತದೆ. ಮಗುವಿಗೆ ಕಿವಿ ಚುಚ್ಚಿಸಬೇಕೆ, ಮಾವನ ತೊಡೆ ಬೇಕು. ಮುಡಿ ತೆಗೆಸಬೇಕೆ, ಅದಕ್ಕೂ ಮಾವನ ತೊಡೆಯೇ ಬೇಕು. (ಎರಡು ಸಲವೂ ನನ್ನ ಹೊಸ ಪಂಚೆ ಒದ್ದೆಯಾಯಿತು. ಎರಡು ಸಲವೂ ಅದನ್ನು ಶುಭಶಕುನ ಎಂದರು. ಪಂಚೆ ಅವರದಾಗಿರಲಿಲ್ಲ.) ಹುಡುಗಿ ದೊಡ್ಡವಳಾದಾಗ ಹಸಿರು ಸೊಪ್ಪು ಕಡಿದು ತಂದು ಗುಡ್ಲು ಹಾಕಬೇಕು. ಕೊನೆಗೆ ಮದುವೆಯ ದಿನ ಅವಳನ್ನು ಎರಡು ತೋಳಲ್ಲಿ ಎತ್ತಿಕೊಂಡು ಹೋಗಿ ಹಸೆಮಣೆಯ ಮೇಲೆ ಕೂರಿಸಬೇಕು.

ಈ ಕೊನೆಯ ಶಾಸ್ತ್ರದ ಬಗ್ಗೆ ನನ್ನದೊಂದು ತಕರಾರಿದೆ. ಇದನ್ನು ಮಾಡಿದ ಹಿರಿಯರ ಕಾಲದಲ್ಲಿ ಮದುಮಗಳಿಗೆ ಎಂಟೋ ಒಂಬತ್ತೋ ವರ್ಷ. ಕಂಕುಳಲ್ಲಿ ಇಟ್ಟುಕೊಂಡು ಹೋದರೂ ನಡೆಯುತ್ತಿತ್ತು. ಈಗ ಹಾಗಲ್ಲ. ನಮ್ಮಕ್ಕನ ಮಗಳು ಸೌಂದರ್ಯ ಎಂ.ಎಸ್ಸಿ. ಮುಗಿಸಿ, ಬಿ.ಎಡ್. ಮುಗಿಸಿ, ಹೈಸ್ಕೂಲು ಮಕ್ಕಳಿಗೆ ಗುರುತ್ವಾಕರ್ಷಣೆಯ ಪಾಠ ಹೇಳುತ್ತಿದ್ದಾಳೆ. ಕಾಲೇಜಿನಲ್ಲಿ ಕಬಡ್ಡಿ ಆಡಿದ ಗಟ್ಟಿಮುಟ್ಟಾದ ಹುಡುಗಿ. ಅದರ ಮೇಲೆ ರೇಷ್ಮೆ ಸೀರೆ, ಡಾಬು, ಮೊಗ್ಗಿನ ಜಡೆ. ಇಷ್ಟನ್ನೂ ಒಟ್ಟಿಗೆ ಎತ್ತಬೇಕಾದವನು ನಾನು.

ನಾನೆಂದರೆ ಬೆಟ್ಟಸ್ವಾಮಿ. ಹಾರನಹಳ್ಳಿ ಹೋಬಳಿಯ ನಮ್ಮೂರಿನ ಹಾಲಿನ ಡೇರಿ ಸೆಕ್ರೆಟರಿ. ಪ್ರಾಯದಲ್ಲಿ ಹೊಗೆಸೊಪ್ಪಿನ ಬೇಲುಗಳನ್ನು ಲಾರಿಗೆ ಎಸೆದವನು ಎಂದು ಹೇಳಿಕೊಳ್ಳುವುದುಂಟು. (ಎಸೆದವರು ಬೇರೆಯವರು. ನಾನು ಕೆಳಗೆ ನಿಂತು ಎಣಿಸುತ್ತಿದ್ದೆ.) ಈಗ ಜಮೀನನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿಗೆ, ಕೊಟ್ಟು, ಬೆಳಿಗ್ಗೆ ಸಂಜೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಹಾಲಿನ ಡಿಗ್ರಿ ನೋಡುವುದೇ ನನ್ನ ಕಾಯಕ. ಹೆಸರಿನಲ್ಲಿರುವ ಬೆಟ್ಟದಲ್ಲಿ ಹೊಟ್ಟೆಗೆ ಒಂದಿಷ್ಟು ಪಾಲು ಬಂದಿದೆ. ಬೆನ್ನಿಗೆ ಏನೂ ಬಂದಿಲ್ಲ.

ಅಕ್ಕ ತಾಯಮ್ಮ ಭೇರ್ಯದಿಂದ ಬಸ್ಸು ಬದಲಿಸಿಕೊಂಡು ಬಂದು, ನಮ್ಮ ಜಗುಲಿಯ ಮೇಲೆ ಕೂತು, ಕೊಟ್ಟ ನೀರನ್ನು ಕುಡಿಯುವ ಮೊದಲೇ ಸುದ್ದಿ ಹೇಳಿದಳು.

"ಲೋ ಬೆಟ್ಟ, ಲಗ್ನ ಗೊತ್ತಾಯ್ತು ಕಣ್ಲಾ. ಇನ್ನು ಮೂರು ತಿಂಗ್ಳು. ಗಂಡಿನ ಕಡೆಯೋರು ಬೋ ಮಾಡ್ರನ್ನು. ಅದೇನೋ ಚಕ್ರದ ತಾವರೆ ಹೂವಂತೆ. ಹೆಣ್ಣ ಅದ್ರೊಳಗೆ ಕೂರ್ಸಿ ತಳ್ಕೊಂಡು ಬತ್ತಾರಂತೆ. ಸುತ್ತ ಹೊಗೆ ಬೇರೆ ಬುಡ್ತಾರಂತೆ."

"ಒಳ್ಳೇದೇ ಆಯ್ತು ಬುಡಕ್ಕ, ಕಾಲ ಬದ್ಲಾಗೈತೆ" ಎಂದೆ. ನನ್ನ ಸೊಂಟ ಒಳಗೊಳಗೇ ಆ ತಾವರೆಗೆ ಕೈಮುಗಿಯಿತು.

"ಏನ್ಲಾ ಒಳ್ಳೇದು? ತಳ್ಳೋ ಗಾಡೀಲಿ ಬರಕ್ಕೆ ನನ್ ಮಗ್ಳೇನು ಪಾನಿಪುರಿಯಾ? ಒಬ್ಬ ಸೋದರಮಾವ ಗುಂಡುಕಲ್ಲಂಗೆ ನೀನಿರೋವಾಗ ಅವ್ಳು ಯಾಕ್ಲಾ ಚಕ್ರದ ಮೇಲೆ ಬರ್ಬೇಕು?"

ಅಕ್ಕನ ಹಟಕ್ಕೆ ಕಾರಣವಿದೆ. ಅವಳ ಮದುವೆಯ ವರ್ಷ ನಮ್ಮ ಸೋದರಮಾವನಿಗೂ ನಮ್ಮಪ್ಪನಿಗೂ ಬದುವಿನ ಮೇಲಿದ್ದ ಒಂದು ಹೊಂಗೆಮರದ ವಿಷಯಕ್ಕೆ ಜಗಳವಾಗಿ ಆತ ಮದುವೆಗೇ ಬರಲಿಲ್ಲ. ನಾನಿನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ. ಅಕ್ಕ ತಲೆ ತಗ್ಗಿಸಿಕೊಂಡು ತಾನೇ ನಡೆದುಹೋಗಿ ಹಸೆಮಣೆಯ ಮೇಲೆ ಕೂತಳು. ಅವಳ ಅತ್ತೆ ಪುಟ್ಟಮಾದಮ್ಮ ಅದನ್ನು ಇವತ್ತಿಗೂ ಮರೆತಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೂ, ಮನೆಯ ಕೋಳಿ ಕಳೆದುಹೋದರೂ, 'ಎತ್ತಿ ಕೂರ್ಸಕ್ಕೂ ಗತಿಯಿಲ್ದ ತೌರು' ಎಂದು ಒಂದು ಮಾತು ಬಿದ್ದೇ ಬೀಳುತ್ತದೆ. ಮೂವತ್ತು ವರ್ಷ ಅಕ್ಕ ಆ ಮಾತಿನ ಜೊತೆಗೇ ಮುದ್ದೆ ನುಂಗಿದ್ದಾಳೆ. ಅವ್ವ ಹೊಲಕ್ಕೆ ಹೋದರೆ ನನ್ನನ್ನು ದಿನವಿಡೀ ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ನಾನು ದಡಿಯ ಮಗು ಬೇರೆ. ಅಂಥವಳ ಮಗಳನ್ನು ಜೀವಮಾನದಲ್ಲಿ ಒಂದು ಸಲ ನಾಲ್ಕು ಹೆಜ್ಜೆ ಎತ್ತಿಕೊಂಡು ಹೋಗಲಾರೆ ಎನ್ನಲು ನನಗೆ ಬಾಯಿ ಬರಲಿಲ್ಲ.

"ನಾನೇ ಎತ್ತೀನಿ ಕಣಕ್ಕ" ಎಂದುಬಿಟ್ಟೆ.

ಒಳಗೆ ಅಡಿಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ನನ್ನ ಹೆಂಡತಿ ನಿಂಗಮ್ಮ ಸಾಮಾನ್ಯವಾಗಿ ಪಾತ್ರೆ ಬೀಳಿಸುವವಳಲ್ಲ.

ಅಕ್ಕ ಬಸ್ಸು ಹತ್ತಿದ ಮೇಲೆ ನಿಂಗಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ನನ್ನೆದುರು ನಿಂತಳು.

"ಓದ್ ವರ್ಸ ಹಾಲಿನ ಕ್ಯಾನು ಎತ್ತಕ್ಕೋಗಿ ಕುಡ್ಲಿನಂಗೆ ಬಗ್ಗೋಗಿದ್ರಿ. ಗ್ಯಾಪ್ಕ ಐತಾ?"

"ಅದು ನಲವತ್ತು ಲೀಟರ್ ಕ್ಯಾನು ಕಣೇ."

"ಖಾಲಿ ಕ್ಯಾನು ಕಣ್ರೀ."

"ಪೂರ್ತಿ ಖಾಲಿ ಅಲ್ಲ. ತಳದಲ್ಲಿ ಸ್ವಲ್ಪ ಹಾಲಿತ್ತು" ಎಂದು ನಾನು ದಾಖಲೆ ಸರಿಪಡಿಸಿದೆ.

ಮಾರನೇ ವಾರ ಅವಳೇ ನನ್ನನ್ನು ಹುಣಸೂರಿಗೆ ಎಳೆದುಕೊಂಡು ಹೋದಳು. ಅಲ್ಲಿ ಪ್ರಿಯಾ ಎಂಬ ಫಿಸಿಯೋಥೆರಪಿ ಡಾಕ್ಟರಮ್ಮ ಇದ್ದಾರೆ. ನಮ್ಮ ಹೋಬಳಿಯ ಅರ್ಧ ಸೊಂಟಗಳು ಆಕೆಯ ಸುಪರ್ದಿನಲ್ಲಿವೆ. ಸಣ್ಣ ವಯಸ್ಸು, ಸಣ್ಣ ದನಿ. "ಕೈ ಊರದೆ ಕುರ್ಚಿಯಿಂದ ಎದ್ದು ನಿಲ್ಲಿ ಸರ್" ಎಂದರು. ಇದೇನು ಮಹಾ ಎಂದು ಎದ್ದೆ. ನನ್ನ ಜೊತೆಗೆ ಕುರ್ಚಿಯೂ ಎದ್ದಿತು. ಆ ಪ್ಲಾಸ್ಟಿಕ್ ಕುರ್ಚಿಗಳನ್ನು ನಮ್ಮಂಥವರ ಅಳತೆ ತೆಗೆದುಕೊಂಡು ಮಾಡಿರುವುದಿಲ್ಲ. ಡಾಕ್ಟರಮ್ಮ ನಗಲಿಲ್ಲ, ನಿಂಗಮ್ಮ ಗೋಡೆಯ ಕಡೆ ತಿರುಗಿಕೊಂಡಳು.

"ನೋಡಿ ಸರ್" ಎಂದರು ಪ್ರಿಯಾ, "ನಲವತ್ತು ದಾಟಿದ ಮೇಲೆ ಮಾಂಸಖಂಡ ತಾನಾಗಿ ಕರಗ್ತಾ ಹೋಗುತ್ತೆ. ಕೆಲಸ ಕೊಟ್ಟರೆ ಉಳಿಯುತ್ತೆ, ಬೆಳೆಯುತ್ತೆ. ಮೂಳೆನೂ ಅಷ್ಟೇ, ಅದರ ಮೇಲೆ ಭಾರ ಬಿದ್ದರೆ ಗಟ್ಟಿಯಾಗುತ್ತೆ. ಭಾರ ಎತ್ತೋ ವ್ಯಾಯಾಮ ಮಾಡಿದರೆ ಸಕ್ಕರೆ ಹತೋಟಿಗೆ ಬರುತ್ತೆ, ಸೊಂಟಕ್ಕೆ ಬಲ ಬರುತ್ತೆ, ನಿದ್ದೆ ಚೆನ್ನಾಗಾಗುತ್ತೆ. ಮನಸ್ಸೂ ಹಗುರ ಆಗುತ್ತೆ."

ಭಾರ ಎತ್ತಿದರೆ ಮನಸ್ಸು ಹಗುರವಾಗುವ ಈ ಲೆಕ್ಕ ನನಗೆ ಹಿಡಿಸಿತು. ಆಕೆ ಅದನ್ನು ಸ್ಟ್ರೆಂತ್ ಟ್ರೈನಿಂಗ್ ಎಂದರು. ನಾನು ಮನಸ್ಸಿನಲ್ಲೇ ಸ್ನಾಯುಬಲ ಸಂವರ್ಧನೆ ಎಂದು ಹೆಸರಿಟ್ಟೆ. ಅಷ್ಟು ದೊಡ್ಡ ಹೆಸರಿನ ವಿದ್ಯೆ ಶುರುವಾಗುವುದು ಎಲ್ಲಿಂದ ಎಂದರೆ ಕುರ್ಚಿಯಿಂದ ಏಳುವುದು, ಕೂರುವುದು, ಗೋಡೆಯನ್ನು ತಳ್ಳುವುದು, ಆಮೇಲೆ ಎರಡು ಕೈಯಲ್ಲಿ ಎರಡು ನೀರಿನ ಬಾಟಲಿ ಎತ್ತುವುದು. ಬಾಟಲಿ ಎಂದ ಕೂಡಲೇ ನನ್ನ ಭಕ್ತಿ ಅರ್ಧ ಇಳಿಯಿತು.

ನಿಂಗಮ್ಮ ಮಾತ್ರ ಮುಂದಕ್ಕೆ ಬಗ್ಗಿ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಎರಡು ವರ್ಷದಿಂದ ಮಂಡಿ ನೋವು. ಕೆಳಗೆ ಕೂತರೆ ಏಳುವಾಗ ಮನೆದೇವರಿಂದ ಹಿಡಿದು ಎಲ್ಲ ದೇವರನ್ನೂ ಕೂಗಬೇಕಾಗಿತ್ತು.

"ನಾವು ಎಂಗಸ್ರೂ ಮಾಡ್ಬೋದಾ ಮೇಡಂ?"

"ನೀವೇ ಮೊದಲು ಮಾಡಬೇಕು. ಹೆಂಗಸರಿಗೆ ಮೂಳೆ ಬೇಗ ಸವೆಯುತ್ತೆ."

"ಸಗಣಿ ಬಾಚೋದು, ನೀರ್ ಹೊರೋದು, ಮುದ್ದೆ ತಿರುವೋದು, ದಿನಾ ಮಾಡ್ತೀನಲ್ಲ. ಸಾಲ್ದಾ?"

"ಅದು ದಿನಾ ಒಂದೇ ಥರ. ಮೈಗೆ ಅಭ್ಯಾಸ ಆಗಿಬಿಟ್ಟಿರುತ್ತೆ. ಇದರಲ್ಲಿ ಭಾರ ಸ್ವಲ್ಪ ಸ್ವಲ್ಪ ಹೆಚ್ಚಿಸ್ತಾ ಹೋಗಬೇಕು. ಇರೋದು ಇಷ್ಟೇ ಗುಟ್ಟು, ಭಾರ ಹೆಚ್ಚಬೇಕು. ಎತ್ತುವಾಗ ಬೆನ್ನು ಬಗ್ಗಿಸಬಾರದು, ಮಂಡಿ ಬಗ್ಗಿಸಬೇಕು, ಭಾರ ಎದೆಗೆ ಹತ್ತಿರ ಇರಬೇಕು."

ನಾನು ಆ ಹೊತ್ತಿನಲ್ಲಿ ಗೋಡೆಯ ಮೇಲಿದ್ದ ಅಸ್ಥಿಪಂಜರದ ಚಿತ್ರ ನೋಡುತ್ತಿದ್ದೆ. ಗುಟ್ಟು ಹೇಳಿದ್ದು ನನ್ನ ಕಿವಿಗೂ ಬಿತ್ತು, ಆದರೆ ಬಿದ್ದಲ್ಲೇ ಉಳಿಯಿತು.

ಮನೆಗೆ ಬಂದ ಮೇಲೆ ಯೋಚನೆ ಮಾಡಿದೆ. ನಾನು ಎತ್ತಬೇಕಾಗಿರುವುದು ಸೌಂದರ್ಯಳನ್ನು. ಅವಳೇನು ಬಾಟಲಿಯೇ? ಆಗ ನನಗೊಂದು ದಿವ್ಯ ಆಲೋಚನೆ ಹೊಳೆಯಿತು. ಅಡಿಗೆಮನೆಯ ಬಾಗಿಲ ಪಕ್ಕದಲ್ಲಿ ಒಂದು ರಾಗಿ ಮೂಟೆ ನಿಂತಿತ್ತು. ಗುಂಡಗೆ, ಲಕ್ಷಣವಾಗಿ, ಬಾಯಿಗೆ ಹುರಿ ಬಿಗಿದುಕೊಂಡು. ಹೋಗಿ ಅಪ್ಪಿ ನೋಡಿದೆ. ಭಾರದಲ್ಲಿ ಹೆಚ್ಚು ಕಡಿಮೆ ಅಕ್ಕನ ಮಗಳೇ.

"ಇವತ್ತಿಂದ ಇದೇ ಮದುವಣಗಿತ್ತಿ" ಎಂದು ಘೋಷಿಸಿದೆ. "ಇದನ್ನ ದಿನಾ ಬೆಳಿಗ್ಗೆ ಎತ್ತೀನಿ. ಇದು ನನ್ ತೋಳಿಗೆ ಬಂದ ದಿವಸ ಸೌಂದರ್ಯನೂ ಬಂದಂಗೆ."

"ಅದ್ಯಾಕೆ, ಕೋಣೇಲಿ ಬೇರೆ ಮೂಟೆ ಅವೆ, ತಗೊಳ್ರೀ. ಇದು ದಿನಾ..."

"ಇದೇ ಇರ್ಲಿ" ಎಂದೆ. ಹೆಂಡತಿಯ ಮಾತನ್ನು ಪೂರ್ತಿ ಕೇಳುವ ದುರಭ್ಯಾಸ ನನಗೆ ಮೊದಲಿನಿಂದಲೂ ಇಲ್ಲ.

ಮೊದಲ ದಿನ ಮೂಟೆ ಅಲುಗಲಿಲ್ಲ. ನಾನು ಅಲುಗಿದೆ. ಒಂದು ವಾರ ಅದನ್ನು ಅಪ್ಪಿಕೊಂಡು ನರಳುವುದೇ ವ್ಯಾಯಾಮವಾಯಿತು. (ಡೇರಿಗೆ ಹಾಲು ಒಯ್ಯುತ್ತಿದ್ದ ಪಕ್ಕದ ಮನೆಯವರು ಕಿಟಕಿಯಿಂದ ನೋಡಿ, ಸೆಕ್ರೆಟರಿ ಮನೆಯಲ್ಲಿ ಏನೋ ದುಃಖ ಎಂದು ಸುದ್ದಿ ಹಬ್ಬಿಸಿದರು.) ಎರಡನೇ ವಾರದ ಕೊನೆಯಲ್ಲಿ ಮೂಟೆ ನೆಲ ಬಿಟ್ಟು ಒಂದು ಬೆರಳು ಮೇಲೆದ್ದಿತು. ನನಗಾದ ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಮುಂದಿನ ವಾರ ಒಂದು ಗೇಣು. ತಿಂಗಳಾಗುವ ಹೊತ್ತಿಗೆ ಮಂಡಿಯವರೆಗೆ. ಮೂಟೆ ದಿನದಿಂದ ದಿನಕ್ಕೆ ನನ್ನ ತೋಳಿನಲ್ಲಿ ಹಗುರವಾಗುತ್ತಾ ಬಂತು. ಬಲ ಎಂದರೆ ಏನು ಎಂಬುದು ನನಗೆ ಆಗ ಅರ್ಥವಾಯಿತು.

ಬಲದ ಜೊತೆಗೆ ಹಸಿವೂ ಬಂತು. ಅಲ್ಲಿಯವರೆಗೆ ಒಂದು ಮುದ್ದೆಗೆ ಸಾಕೆನ್ನುತ್ತಿದ್ದವನು ಎರಡಕ್ಕೆ ಬಂದೆ, ಸೊಪ್ಪಿನ ಸಾರು ಚೆನ್ನಾಗಿದ್ದ ದಿವಸ ಮೂರು. ನಿಂಗಮ್ಮ ಬೇಸರವಿಲ್ಲದೆ ಬಡಿಸುತ್ತಿದ್ದಳು. ಹಿಟ್ಟು ಎಂಬುದು ಡಬ್ಬದೊಳಗೆ ತಾನಾಗಿ ಹುಟ್ಟುತ್ತದೆ ಎಂದು ನಂಬಿ ಬೆಳೆದ ಗಂಡಸರ ಪೈಕಿ ನಾನೂ ಒಬ್ಬ. ಮುದ್ದೆ ತಟ್ಟೆಗೆ ಬಂದರೆ ತಿನ್ನುವುದು, ಅದರ ಪೂರ್ವಾಪರ ಕೆದಕುವುದು ಸಭ್ಯತೆಯಲ್ಲ.

ಡೇರಿಯಲ್ಲಿ ಹಾಲು ಹಾಕಲು ಬಂದವರಿಗೆಲ್ಲ ನನ್ನ ಉಪನ್ಯಾಸ ಶುರುವಾಯಿತು. ಮಾಂಸಖಂಡ, ಮೂಳೆ, ಸಕ್ಕರೆ, ನಿದ್ದೆ. ಹಾಲಿನ ಡಿಗ್ರಿಗಿಂತ ಮೊದಲು ಅವರ ತೋಳಿನ ಡಿಗ್ರಿ ನೋಡುತ್ತಿದ್ದೆ. ಕೈತುಂಬ ಮೊಮ್ಮಕ್ಕಳಿರುವ ಮಂಟಯ್ಯ ಎಲ್ಲವನ್ನೂ ಗಮನವಿಟ್ಟು ಕೇಳಿದ.

"ಅಂಗಾರೆ ಸೆಕ್ರೆಟ್ರಿ, ನಿಮ್ಗೆ ಈಗ ಬೋ ಸಕ್ತಿ ಬಂದದೆ ಅನ್ನಿ."

"ಬಂದದೆ ಮಂಟಯ್ಯ. ಅರವತ್ತು ಕೇಜಿ ಮೂಟೆ ಎದೆಮಟ್ಟ ಎತ್ತೀನಿ."

"ಒಳ್ಳೇದಾಯ್ತು. ಆ ಕ್ಯಾನು ಒಸಿ ಲಾರಿಗೆ ಎತ್ಕೊಡಿ ಮತ್ತೆ. ಲಾರಿ ಬಂದು ನಿಂತದೆ."

"ಮದುವೆ ಮುಗಿಯೋಗಂಟ ಬೇರೆ ಭಾರ ಮುಟ್ಟಂಗಿಲ್ಲ, ಡಾಕ್ಟ್ರು ಹೇಳವ್ರೆ" ಎಂದೆ. ಡಾಕ್ಟರು ಹೇಳಿರಲಿಲ್ಲ. ಆದರೆ ಕೇಳಿದ್ದರೆ ಹೇಳುತ್ತಿದ್ದರು.

ಇತ್ತ ನಿಂಗಮ್ಮ ತನ್ನ ಪಾಡಿಗೆ ತಾನು ಬಾಟಲಿ ಎತ್ತುತ್ತಿದ್ದಳು. ಹಾಲು ಕರೆದು ಬಂದ ಮೇಲೆ ಗೋಡೆ ತಳ್ಳುವಳು, ಕುರ್ಚಿಯಲ್ಲಿ ಕೂರುವಳು, ಏಳುವಳು. "ಗೋಡೆ ಎಷ್ಟು ದೂರ ಹೋಯ್ತು?" ಎಂದು ನಾನು ಕೇಳಿದರೆ ಇನ್ನೂ ಹತ್ತು ಸಲ ತಳ್ಳುವಳು. ಬಾಟಲಿಯಿಂದ ತುಂಬಿದ ಬಿಂದಿಗೆಗೆ ಹೋದಳು, ಬಿಂದಿಗೆಯಿಂದ ಕುಡಿಯುವ ನೀರಿನ ಕ್ಯಾನಿಗೆ. ಕೊಟ್ಟಿಗೆಯಲ್ಲಿದ್ದ ಬೂಸಾ ಮೂಟೆಯನ್ನು ಎದೆಗೆ ಒತ್ತಿಕೊಂಡು ಆ ಗೋಡೆಯಿಂದ ಈ ಗೋಡೆಗೆ ನಡೆಯುವುದನ್ನೂ ಒಂದು ದಿನ ನೋಡಿದೆ. ದನಕ್ಕೆ ಬೂಸಾ ಇಡುತ್ತಿದ್ದಾಳೆ ಎಂದುಕೊಂಡೆ. ಒಂದು ಸಂಜೆ ಒಲೆ ಮುಂದಿನಿಂದ ಅವಳು ಒಂದೂ ದೇವರನ್ನು ಕೂಗದೆ ಎದ್ದು ನಿಂತಳು. ನಾನು ತಲೆ ಎತ್ತಿ ನೋಡಿದೆ.

"ಮಂಡಿ ಎಂಗದೆ?"

"ಮಂಡಿ ಐತೆ ಅನ್ನೋದೇ ಮರ್ತೋಗೈತೆ ಕಣ್ರೀ" ಎಂದಳು. ಅವಳ ಮುಖ ಕೂಡ ಯಾಕೋ ತಿಳಿಯಾಗಿತ್ತು. ರಾತ್ರಿ ಮಲಗಿದರೆ ಬೆಳಗಿನವರೆಗೆ ಒಂದೇ ನಿದ್ದೆ. ನನ್ನ ಗೊರಕೆಯ ಬಗ್ಗೆ ದೂರು ಬರುವುದು ನಿಂತುಹೋಗಿತ್ತು.

ನಡುವೆ ಒಮ್ಮೆ ಹುಣಸೂರಿಗೆ ಹೋದಾಗ ನನ್ನ ಸಕ್ಕರೆಯೂ ಸ್ವಲ್ಪ ಇಳಿದಿತ್ತು. ಕುರ್ಚಿ ಬಿಟ್ಟು ಒಬ್ಬನೇ ಎದ್ದು ನಿಂತೆ. ಪ್ರಿಯಾ ಮೆಚ್ಚಿಕೊಂಡು, "ಭಾರ ಹೆಚ್ಚಿಸ್ತಾ ಇದ್ದೀರಾ ಸರ್?" ಎಂದು ಕೇಳಿದರು.

"ಹೆಚ್ಚಿಸೋದೇನು ಮೇಡಂ, ಎತ್ತಿದಷ್ಟೂ ಅದೇ ಹಗುರ ಆಗ್ತಾ ಇದೆ" ಎಂದೆ.

ಡಾಕ್ಟರಮ್ಮ ಅದನ್ನು ಒಂದು ಒಳ್ಳೆಯ ಮಾತು ಎಂದುಕೊಂಡು ನಕ್ಕರು. ನಿಂಗಮ್ಮ ಮತ್ತೆ ಗೋಡೆಯ ಕಡೆ ತಿರುಗಿಕೊಂಡಳು.

ಮದುವೆಗೆ ಒಂದು ವಾರವಿರುವಾಗ ನಾನು ಮೂಟೆಯನ್ನು ಎತ್ತಿಕೊಂಡು ನಡುಮನೆ ಪೂರ್ತಿ ಸುತ್ತುವ ಮಟ್ಟಕ್ಕೆ ಬಂದಿದ್ದೆ. ದೇವರ ಪಟದ ಮುಂದೆ ಮಣೆ ಹಾಕಿಸಿ, ಅದರ ಮೇಲೆ ಮೂಟೆಯನ್ನು ಮೆಲ್ಲಗೆ ಕೂರಿಸಿ, ನಾನೇ ಬಾಯಲ್ಲಿ ವಾಲಗ ನುಡಿಸಿಕೊಂಡೆ. ನಿಂಗಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಒಂದ್ ಕಿತ ನನ್ನ ಎತ್ತಿ ನೋಡ್ರೀ. ಮೂಟೆನೇ ಬೇರೆ, ಮನುಸ್ರೇ ಬೇರೆ."

"ನಿನ್ನ ಎತ್ತಕ್ಕೋಗಿ ಸೊಂಟ ಹಿಡ್ಕೊಂಡ್ರೆ ಮದುವೆಗೆ ಯಾರು ಗತಿ?" ಎಂದೆ. "ಬ್ಯಾಡ. ಈಗ ನನ್ ಸೊಂಟ ನನ್ನೊಬ್ಬಂದಲ್ಲ, ಅಕ್ಕಂದು."

ಅವಳು ನನ್ನ ಮುಖ ನೋಡಿ, ಕೊಟ್ಟಿಗೆಯ ಕಡೆ ಹೋದಳು. ಆ ಸಂಜೆ ಅಕ್ಕ ಫೋನು ಮಾಡಿದಳು. ಗಂಡಿನವರು ತಾವರೆಗೆ ಮುಂಗಡ ಕೊಟ್ಟುಬಿಟ್ಟಿದ್ದಾರಂತೆ, ಬೇಡ ಎಂದು ಅವಳೇ ಜಗಳವಾಡಿದಳಂತೆ. "ನಿನ್ನ ನಂಬ್ಕೊಂಡು ಮಾತಾಡ್ಬುಟ್ಟಿವ್ನಿ ಕಣ್ಲಾ. ಎಲ್ಲಾರ ಮುಂದೂ ಆಡಿವ್ನಿ" ಎಂದಳು. ಆಗಲೇ ಹೋಗಿ ಮೂಟೆಯನ್ನು ಇನ್ನೊಂದು ಸಲ ಎತ್ತಿ ಇಟ್ಟೆ. ಹೂವಿನ ಬುಟ್ಟಿಯಂತೆ ಬಂತು.

ಮದುವೆ ಕೆ.ಆರ್. ನಗರದ ಒಂದು ಛತ್ರದಲ್ಲಿ. ಮದುಮಗಳ ಕೋಣೆಯ ಬಾಗಿಲಿಂದ ಮಂಟಪದವರೆಗೆ ಕೆಂಪು ಹಾಸು. ಎರಡೂ ಕಡೆ ಜನ. ಮುಂದಿನ ಸಾಲಿನಲ್ಲೇ ಪುಟ್ಟಮಾದಮ್ಮ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಮುಂಗಡ ಕೊಟ್ಟ ಮೇಲೆ ವಾಪಸ್ಸು ಹೋಗುವುದೇಕೆ ಎಂದು ಚಕ್ರದ ತಾವರೆಯೂ ಬಂದು ಒಂದು ಮೂಲೆಯಲ್ಲಿ ದಳ ಬಿಚ್ಚಿಕೊಂಡು ನಿಂತಿತ್ತು. ಅದನ್ನು ತಳ್ಳುವವನು ಪಕ್ಕದಲ್ಲಿ ಮೊಬೈಲು ನೋಡುತ್ತಿದ್ದ. ನಾನು ಅವನ ಕಡೆ ಒಂದು ಕನಿಕರದ ನೋಟ ಹರಿಸಿ, ಪಂಚೆಯನ್ನು ಬಿಗಿಯಾಗಿ ಕಟ್ಟಿ, ಶಲ್ಯವನ್ನು ಸೊಂಟಕ್ಕೆ ಸುತ್ತಿದೆ.

ಸೌಂದರ್ಯ ಬಾಗಿಲಿಗೆ ಬಂದಳು. ಮಗು ಎಷ್ಟು ಲಕ್ಷಣವಾಗಿ ಕಾಣುತ್ತಿದ್ದಳೆಂದರೆ ನನಗೆ ಒಂದು ಕ್ಷಣ ಎತ್ತುವುದೇ ಮರೆತುಹೋಯಿತು.

"ಮಾವ, ಕಷ್ಟ ಪಡ್ಬೇಡ" ಎಂದು ಪಿಸುಗುಟ್ಟಿದಳು. "ಕೈ ಹಿಡ್ಕೊಂಡು ಕರ್ಕೊಂಡೋಗು, ನಂಗೆ ಅಷ್ಟೇ ಸಾಕು."

"ಸುಮ್ನಿರವ್ವ. ನೀನು ನನಗೆ ಹೂವು."

ವಾಲಗ ಏರಿತು. ವಿಡಿಯೋದವನು "ಸರ್, ನಗ್ತಾ ಎತ್ತಿ" ಎಂದ. ನಾನು ನಗುತ್ತಾ ಬಗ್ಗಿದೆ, ಒಂದು ತೋಳು ಬೆನ್ನಿಗೆ, ಒಂದು ತೋಳು ಮಂಡಿಯ ಹಿಂದೆ, ಮನೆದೇವರನ್ನು ನೆನೆದು ಎತ್ತಿದೆ.

ಒಂದು ಬೆರಳು ಮೇಲೆ ಬಂದಳು. ಅಷ್ಟೇ. ನನ್ನ ನಗು ಮುಖದ ಮೇಲೆ ಹಾಗೇ ಉಳಿಯಿತು, ಒಳಗಿನವನು ಗಾಬರಿಯಾದ. ನಡುಮನೆಯಲ್ಲಿ ಹೂವಿನ ಬುಟ್ಟಿಯಂತೆ ಬರುತ್ತಿದ್ದ ಭಾರ ಇಲ್ಲಿ ಬೇರು ಬಿಟ್ಟಂತೆ ನಿಂತಿತ್ತು. ಮೆಲ್ಲಗೆ ಕೆಳಗಿಟ್ಟೆ. ಸೀರೆ ಜಾರುತ್ತದೆ ಎಂಬಂತೆ ನಟಿಸಿ, ಹಿಡಿತ ಬದಲಿಸಿ, ಎರಡನೇ ಸಲ ಎತ್ತಿದೆ. ಮೊದಲು ಬಂದ ಬೆರಳೂ ಬರಲಿಲ್ಲ. ವಾಲಗದವನು ನನ್ನ ಮುಖ ನೋಡುತ್ತಾ ಸ್ವರವನ್ನು ಎಳೆದ, ಎಳೆದ, ಕೊನೆಗೆ ಅವನಿಗೂ ಉಸಿರು ಮುಗಿಯಿತು.

ಗಂಡಿನ ತಂದೆ ನಂಜಣ್ಣನವರು ಒಳ್ಳೆಯ ಮನುಷ್ಯರು. "ಪರ್ವಾಗಿಲ್ಲ ಬುಡಿ, ತಾವರೆ ತರ್ಸಣ" ಎಂದರು. ಮೂಲೆಯಲ್ಲಿ ಚಕ್ರ ಕಿರುಗುಟ್ಟಿತು. ನಾನು ಅಕ್ಕನ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು. ಮೂವತ್ತು ವರ್ಷದ ಹಿಂದೆ ಹಸೆಮಣೆಗೆ ನಡೆದುಹೋಗುವಾಗ ಅವಳ ತಲೆ ಎಷ್ಟು ಬಗ್ಗಿತ್ತೋ ಈಗಲೂ ಅಷ್ಟೇ ಬಗ್ಗಿತ್ತು. ಆ ಹೊತ್ತಿನಲ್ಲಿ ನೆಲ ಬಾಯಿಬಿಟ್ಟಿದ್ದರೆ ನಾನು ಒಂದು ಮಾತೂ ಆಡದೆ ಇಳಿದುಬಿಡುತ್ತಿದ್ದೆ.

"ಒಸಿ ಸರೀರಿ" ಎಂದು ಯಾರೋ ಅಂದರು.

ನಿಂಗಮ್ಮ. ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು, ಕೈಬಳೆಗಳನ್ನು ಮೇಲೆ ಸರಿಸಿದ್ದಳು. ನನ್ನನ್ನು ಪಕ್ಕಕ್ಕೆ ಸರಿಸಿದ ರೀತಿಯಲ್ಲೇ ಆ ತೋಳಿನ ಬಲ ನನಗೆ ಗೊತ್ತಾಯಿತು. ಅವಳು ಬೆನ್ನು ಬಗ್ಗಿಸಲಿಲ್ಲ. ಮಂಡಿ ಬಗ್ಗಿಸಿ ಕೆಳಗಿಳಿದು, "ಕತ್ತು ತಬ್ಕೊಳವ್ವ" ಎಂದು, ಸೌಂದರ್ಯಳನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತಳು. ಒಂದೂ ದೇವರನ್ನು ಕರೆಯಲಿಲ್ಲ. ಮೊಗ್ಗಿನ ಜಡೆ ಕೆಳಗೆ ತೂಗಾಡಿತು. ಕೆಂಪು ಹಾಸಿನ ಮೇಲೆ ಹೆಜ್ಜೆ ಹಾಕತೊಡಗಿದಳು. ವಾಲಗದವನಿಗೆ ಉಸಿರು ವಾಪಸ್ಸು ಬಂತು. ನಾನು ಏನಾದರೂ ಎತ್ತಬೇಕಲ್ಲ ಎಂದು ಆ ಜಡೆಯ ತುದಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದುಕೊಂಡು ಹಿಂದೆ ಹಿಂದೆ ಹೋದೆ.

ಹಸೆಮಣೆಯ ಹತ್ತಿರ ಯಾರೋ ಹಿರಿಯರು ತಕರಾರು ತೆಗೆದರು. "ಸಾಸ್ತ್ರದಲ್ಲಿ ಸೋದರಮಾವ ಅಂತಲ್ವಾ ಇರೋದು?"

ಎಲ್ಲರೂ ಪುಟ್ಟಮಾದಮ್ಮನ ಕಡೆ ನೋಡಿದರು. ಭೇರ್ಯದ ಆ ಮನೆತನದಲ್ಲಿ ಶಾಸ್ತ್ರ ಎಂದರೆ ಅವರೇ. ಮುದುಕಿ ಬಾಯಲ್ಲಿದ್ದ ಎಲೆಯನ್ನು ಒಂದು ದವಡೆಗೆ ಸರಿಸಿದರು.

"ಎಂಡ್ರು ಅಂದ್ರೆ ಗಂಡನ ಅರ್ಧ ಮೈ ಕಣಪ್ಪ. ಆ ಮನೆ ಸೊಸೆ ಎತ್ತಿದ್ರೆ ಆ ಮನೇನೆ ಎತ್ತಿದಂಗೆ. ನನ್ ಸೊಸೆ ತೌರು ಎತ್ತೈತೆ. ಇಂಗ್ ಎತ್ತಿದ್ದ ನಾನು ಕಂಡಿಲ್ಲ. ಕೂರ್ಸಿ, ಮುವೂರ್ತ ಮೀರ್ತದೆ."

ಅಕ್ಕ ತಲೆ ಎತ್ತಿದಳು. ಅಳುತ್ತಾ ನಗುತ್ತಾ ಬಂದು ನಿಂಗಮ್ಮನ ತೋಳನ್ನು ಹಿಡಿದುಕೊಂಡಳು. ಹಿಡಿದುಕೊಂಡ ಮೇಲೆ ಇನ್ನೊಂದು ಸಲ ಒತ್ತಿ ನೋಡಿದಳು. ನನಗೂ ಕಣ್ಣೀರು ಬಂತು. (ಅರ್ಧ ಸಂತೋಷಕ್ಕೆ. ಉಳಿದ ಅರ್ಧದ ವಿಚಾರ ಸೊಂಟವನ್ನು ಕೇಳಬೇಕು.)

ಇದೆಲ್ಲ ಹೇಗಾಯಿತು ಎಂದು ಮದುವೆಯ ಗಲಾಟೆಯಲ್ಲಿ ನಿಂಗಮ್ಮನನ್ನು ಕೇಳಲಾಗಲಿಲ್ಲ. ಮೂರು ದಿನ ಬಿಟ್ಟು ಬೀಗರೂಟ. ಮುದ್ದೆ, ಮಟನ್ ಸಾರು. ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತಿದ್ದ ನಿಂಗಮ್ಮನಿಗೆ ಮೆಲ್ಲಗೆ ಹೇಳಿದೆ.

"ಏನ್ ಆಯ್ತು ಅಂತ್ಲೇ ಗೊತ್ತಾಗ್ತಿಲ್ಲ ಕಣೇ. ಆ ಮೂಟೆ ಅಷ್ಟು ಸಲೀಸಾಗಿ ಬತ್ತಿತ್ತು."

"ಬರ್ದೆ ಏನು? ಅದ್ರಲ್ಲಿ ರಾಗಿ ಎಲ್ಲಿತ್ತು?"

ನನ್ನ ಕೈ ಎರಡನೇ ಮುದ್ದೆಯ ಮೇಲೆ ನಿಂತಿತು.

"ಮನೇಲಿ ಬಳಸೋ ಮೂಟೆ ಕಣ್ರೀ ಅದು. ದಿನಾ ಅದ್ರಿಂದ್ಲೇ ತಗ್ದು ಮಿಲ್ಲಿಗೆ ಕೊಡ್ತಿದ್ದೆ. ಅವತ್ತೇ ಹೇಳಕ್ಕೆ ಬಂದೆ, 'ಇದೇ ಇರ್ಲಿ' ಅಂದ್ರಿ. ಎತ್ತಿ ಎತ್ತಿ ನಿಮ್ಗೆ ಹಸಿವು ಜಾಸ್ತಿ ಆಯ್ತು, ಒಂದ್ ಮುದ್ದೆಗೆ ಮೂರ್ ಮುದ್ದೆ ಆಯ್ತು. ನೀವು ತಿಂದಂಗೆಲ್ಲ ಮೂಟೆ ಇಳೀತು. ಇಳಿದಂಗೆಲ್ಲ ನಿಮ್ಗೆ ಸಲೀಸಾಯ್ತು."

"ಮತ್ತೆ ಮೂಟೆ ಕೊನೇಗಂಟ ತುಂಬ್ಕೊಂಡೇ ಇತ್ತಲ್ಲ?"

"ಸೊರಗಿ ನಿಂತಿದ್ರೆ ನಿಮ್ಗೆ ಬೇಜಾರಾಗ್ತದೆ ಅಂತ ಹಳೇ ಸೀರೆ ತುರುಕಿದ್ದೆ. ಆಮೇಲೆ ಮಾವನ ಕಾಲದ ಕಂಬ್ಳಿ. ಕೊನೇ ವಾರ ತಳದಲ್ಲಿ ಒಂದ್ ನಾಕ್ ಸೇರು ರಾಗಿ ಇತ್ತೇನೋ."

ಅಂದರೆ ನಾನು ಮೂರು ತಿಂಗಳು ಬೆವರು ಸುರಿಸಿ, ದೇವರ ಪಟದ ಮುಂದೆ ಮಣೆ ಹಾಕಿ, ವಾಲಗದ ಸಮೇತ ಕೂರಿಸಿದ್ದು ನಮ್ಮಪ್ಪನ ಕಂಬಳಿಯನ್ನು.

"ಹೇಳ್ಬಾರ್ದಿತ್ತಾ?" ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು.

ನಿಂಗಮ್ಮ ಒಂದು ತುತ್ತು ಮುದ್ದೆ ಮುರಿದು ಸಾರಿಗೆ ಅದ್ದಿದಳು. "ಹೇಳ್ಬೇಕು ಅಂತ್ಲೇ ಇದ್ದೆ. ಬೆಳಿಗ್ಗೆ ಮೂಟೆ ಎತ್ತಿ ನೀವು ಅಡಿಗೆಮನೆಗೆ ಬತ್ತಿದ್ರಲ್ಲ, ಹಬ್ಬಕ್ಕೆ ಹೊಸ ಅಂಗಿ ಹಾಕ್ಕೊಂಡ ಮಗಿನಂಗೆ ನಗ್ತಿದ್ರಿ. ಮನ್ಸು ಬರ್ಲಿಲ್ಲ. ಹೇಳಿದ್ರೆ ಆ ಸಿಟ್ಟಿಗೆ ತುಂಬಿದ ಮೂಟೆಗೆ ಕೈ ಹಾಕಿ ಮಲಿಕ್ಕೊಂಡುಬುಡ್ತಿದ್ರಿ. ಅಕ್ಕಯ್ಯನ ಮಾತು ಏನಾಗ್ತಿತ್ತು? ಅದ್ಕೆ, ಇವ್ರ ಕೈಲಿ ಆಗ್ದೆ ಹೋದ್ರೆ ಇರ್ಲಿ ಅಂತ ನಾನು ಬೂಸಾ ಮೂಟೆ ಹಿಡ್ಕೊಂಡೆ."

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅವಳ ಮೇಲೆ ಪ್ರೀತಿ ಬಂತು. ಪಂಕ್ತಿಯಲ್ಲಿ ಎಲ್ಲರೆದುರು ಅದನ್ನು ತೋರಿಸುವ ಪದ್ಧತಿ ನಮ್ಮ ಕಡೆ ಇಲ್ಲ. ನನ್ನ ಎಲೆಯಲ್ಲಿದ್ದ ಒಳ್ಳೆಯ ಮೂಳೆಯೊಂದನ್ನು ತೆಗೆದು ಅವಳ ಎಲೆಗೆ ಹಾಕಿದೆ. ಅವಳು ಅರ್ಥ ಮಾಡಿಕೊಂಡು ತಿಂದಳು.

ಈಗ ಬೆಳಿಗ್ಗೆ ಇಬ್ಬರೂ ಒಟ್ಟಿಗೆ ನಿಲ್ಲುತ್ತೇವೆ. ನನ್ನ ಕೈಯಲ್ಲಿ ನೀರಿನ ಬಾಟಲಿಗಳು. ನೀರನ್ನು ಅವಳೇ ತುಂಬಿಸುತ್ತಾಳೆ, ಮುಚ್ಚಳವನ್ನೂ ಅವಳೇ ಬಿಗಿಯುತ್ತಾಳೆ, ಬೆನ್ನು ಬಗ್ಗಿದರೆ ಹಿಂದಿನಿಂದ ಒಂದು ಏಟು ಬೀಳುತ್ತದೆ. ನಿಜವಾದ ಭಾರ ಎತ್ತಿದರೆ ಮೈ ನೋಯುತ್ತದೆ ಎಂಬುದು ನನಗೆ ಈಗ ಗೊತ್ತಾಗಿದೆ. ನಿದ್ದೆ ಮಾತ್ರ ಸೊಗಸಾಗಿ ಬರುತ್ತಿದೆ.

ಮೊನ್ನೆ ಮಂಟಯ್ಯ ಮನೆಗೇ ಬಂದ. ಕೈಯಲ್ಲಿ ಎಲೆ ಅಡಿಕೆ, ಬಾಳೆಹಣ್ಣಿನ ತಟ್ಟೆ. ಮೊಮ್ಮಗಳ ಮದುವೆಯಂತೆ. ಆ ಹುಡುಗಿಯ ಸೋದರಮಾವನಿಗೆ ಹರ್ನಿಯಾ ಆಪರೇಷನ್ ಆಗಿದೆಯಂತೆ. ಸೋದರಮಾವನ ಕಷ್ಟ ಸೋದರಮಾವನಿಗೇ ಗೊತ್ತು. ನಾನು ಎದ್ದು ನಿಂತು ತಟ್ಟೆಗೆ ಕೈ ಚಾಚಿದೆ. ಮಂಟಯ್ಯ ನನ್ನ ಪಕ್ಕದಿಂದ ಹಾದುಹೋಗಿ ಅಡಿಗೆಮನೆಯ ಬಾಗಿಲಲ್ಲಿ ನಿಂತ.

"ಅವ್ವಾ, ಬಂದು ನಮ್ ಮಗೀನ ಒಸಿ ಎತ್ತಿ ಕೂರ್ಸಿಕೊಡ್ಬೇಕು. ಇಡೀ ಹೋಬಳೀಲಿ ನಿಮ್ದೇ ಮಾತು."

ನಿಂಗಮ್ಮ ಒಪ್ಪಿಕೊಂಡಳು. ಮಂಟಯ್ಯ ಸಮಾಧಾನವಾಗಿ ಹಿಂತಿರುಗಿದವನು ಬಾಗಿಲಲ್ಲಿ ನನ್ನನ್ನು ಕಂಡು ನಿಂತ. ದಾಕ್ಷಿಣ್ಯದ ಮನುಷ್ಯ. ಏನಾದರೂ ಹೇಳಬೇಕು ಎನಿಸಿರಬೇಕು.

"ನೀವೂ ಬನ್ನಿ ಸೆಕ್ರೆಟ್ರಿ" ಎಂದ. "ಮುದ್ದೆ ಮಾಡ್ಸಿರ್ತೀನಿ."